ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಕೋಶ ಗೇಮ್ ಆಡುತ್ತದಂತೆ. ಅದಕ್ಕೆ ನೋವಾಗುತ್ತಾ?

ಹೈಸ್ಕೂಲ್_ಮೇಡಂ
ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವಾರ ಹತ್ತನೇ ತರಗತಿಗೆ ನರಕೋಶದ ಪಾಠ ಇತ್ತು. ಮಕ್ಕಳಿಗೆ ಆಸಕ್ತಿ ಬರಲಿ ಎಂದು ಆಸ್ಟ್ರೇಲಿಯಾದ ಡಿಶ್‌ಬ್ರೈನ್ ಕಥೆ ಹೇಳಿದೆ. ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್ ಎಂಬ ಕಂಪನಿಯವರು ಸುಮಾರು 8 ಲಕ್ಷ ನರಕೋಶಗಳನ್ನು ಚಿಪ್ ಮೇಲೆ ಬೆಳೆಸಿ, ಅವುಗಳಿಂದ ಪಾಂಗ್ ಎಂಬ, ಬ್ಯಾಟಿನಿಂದ ಚೆಂಡು ಹೊಡೆಯುವ ಹಳೇ ವಿಡಿಯೋ ಗೇಮ್ ಆಡಿಸಿದ್ದು. 2022ರಲ್ಲಿ ನ್ಯೂರಾನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದಿತ್ತು. ಚೆಂಡು ತಪ್ಪಿದರೆ ಶಾಕ್ ಕೊಡುತ್ತಾರೆ, ಹಾಗೆ ಕಲಿಯುತ್ತದೆ ಎಂದು ನಾನು ಓದಿದ ಹಾಗೆ ವಿವರಿಸಿದೆ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಅದಕ್ಕೆ ನೋವಾಗಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಇಲ್ಲಿ ಈ ಕೆಲಸ ಹತ್ತಿರದಿಂದ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ. ಹದಿನೈದು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ.

ಕಾಫಿಪುಡಿ
ಒಳ್ಳೆ ಪ್ರಶ್ನೆ ಕೇಳಿದಳು ಹುಡುಗಿ. ನಾನೂ ಉತ್ತರಕ್ಕೆ ಕಾಯುತ್ತೇನೆ.

ಪೆಟ್ರಿ_ತಟ್ಟೆ
ಮೇಡಂ, ನಾನು ಬೆಂಗಳೂರಿನಲ್ಲಿ ನರಕೋಶ ಬೆಳೆಸುವ ಲ್ಯಾಬ್‌ನಲ್ಲಿ ಆರು ವರ್ಷ ಇದ್ದೇನೆ. ಮೊದಲು ಒಂದು ತಿದ್ದುಪಡಿ. "ಶಾಕ್" ಎಂಬ ಪದ ದಾರಿ ತಪ್ಪಿಸುತ್ತದೆ. ಅಲ್ಲಿ ಶಿಕ್ಷೆ ಕೊಟ್ಟಿಲ್ಲ.

ತಟ್ಟೆಯ ತಳದಲ್ಲಿ ಚಿಪ್ ಇದೆ, ಅದರ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಎಲೆಕ್ಟ್ರೋಡ್‌ಗಳು. ಚೆಂಡು ಎಲ್ಲಿದೆ ಎಂಬುದನ್ನು ಒಂದು ಭಾಗದ ಎಲೆಕ್ಟ್ರೋಡ್‌ಗಳಿಂದ ಸಣ್ಣ ವಿದ್ಯುತ್ ಮಿಡಿತವಾಗಿ ಕೋಶಗಳಿಗೆ ಕೊಡುತ್ತಾರೆ. ಬೇರೆ ಭಾಗದ ಕೋಶಗಳು ಹೇಗೆ ಮಿಡಿಯುತ್ತವೆ ಎಂದು ಓದಿ ಬ್ಯಾಟನ್ನು ಮೇಲೆ ಕೆಳಗೆ ಮಾಡುತ್ತಾರೆ. ಚೆಂಡು ಬ್ಯಾಟಿಗೆ ತಗುಲಿದರೆ ಪ್ರತಿ ಸಲ ಒಂದೇ ಥರದ ಮಿಡಿತ. ತಪ್ಪಿದರೆ 4 ಸೆಕೆಂಡು ಗೊತ್ತುಗುರಿಯಿಲ್ಲದ ಮಿಡಿತ, ಎಲ್ಲೆಂದರಲ್ಲಿ. ಅಷ್ಟೇ ವ್ಯತ್ಯಾಸ.

ಇದರ ಹಿಂದೆ ಕಾರ್ಲ್ ಫ್ರಿಸ್ಟನ್ ಎಂಬ ಲಂಡನ್ನಿನ ವಿಜ್ಞಾನಿಯ ಸಿದ್ಧಾಂತ ಇದೆ. ನರಕೋಶಗಳ ಜಾಲ ತನಗೆ ಮುಂದೇನು ಬರುತ್ತದೆ ಎಂದು ಅಂದಾಜು ಸಿಗುವ ಸ್ಥಿತಿಯ ಕಡೆ ವಾಲುತ್ತದೆ ಎಂಬುದು ಅದರ ಸಾರ. ಮಳೆ ಯಾವಾಗ ಬರುತ್ತದೆ ಎಂದು ಗೊತ್ತಿದ್ದರೆ ರೈತ ಹೇಗೆ ನೆಮ್ಮದಿಯಾಗಿ ಬಿತ್ತನೆ ಮಾಡುತ್ತಾನೋ ಹಾಗೆ ಎಂದು ಮಕ್ಕಳಿಗೆ ಹೇಳಬಹುದು. ಆದರೆ ರೈತನಿಗೆ ಮನಸ್ಸಿದೆ. ತಟ್ಟೆಗೆ ಇದೆ ಎನ್ನುವುದಕ್ಕೆ ಆಧಾರ ಇಲ್ಲ.

ನೋವಿನ ವಿಷಯ: ನೋವು ಗ್ರಹಿಸುವ ನರತುದಿಗಳು ನಮ್ಮ ಚರ್ಮ, ಸ್ನಾಯು, ಹಲ್ಲುಗಳಲ್ಲಿವೆ. ಅಲ್ಲಿಂದ ಬೆನ್ನುಹುರಿ, ಅಲ್ಲಿಂದ ಮಿದುಳಿನ ಹಲವು ಭಾಗ. ಇಷ್ಟೂ ಸೇರಿದರೆ ನೋವು. ಆ ತಟ್ಟೆಯಲ್ಲಿ ಇದ್ಯಾವುದೂ ಇಲ್ಲ.

ಸಿಸ್ಟರ್_ಶಿವಮೊಗ್ಗ
ಪೆಟ್ರಿ ಅವರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ನಾನು ನರ್ಸ್. ಮೊದಲು ಮಿದುಳಿನ ಆಪರೇಷನ್ ಥಿಯೇಟರಿನಲ್ಲಿ ಇದ್ದೆ.

ಮಿದುಳಿನ ಗಡ್ಡೆ ಮಾತಿನ ಭಾಗದ ಹತ್ತಿರ ಇದ್ದರೆ ರೋಗಿಯನ್ನು ಎಚ್ಚರ ಇಟ್ಟುಕೊಂಡೇ ಆಪರೇಷನ್ ಮಾಡುವುದುಂಟು. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಮಿದುಳಿಗೇ ಏನೂ ಬೇಡ, ಅದನ್ನು ಮುಟ್ಟಿದರೆ ನೋವು ಗೊತ್ತಾಗುವುದಿಲ್ಲ. ಒಬ್ಬರು ಮೇಷ್ಟ್ರು ಇದ್ದರು. ಅವರ ಕೈ ಹಿಡಿದುಕೊಂಡು ಮಗ್ಗಿ ಹೇಳಿಸುವುದು ನನ್ನ ಕೆಲಸ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ..." ಎಂದು ಹೇಳುತ್ತಿದ್ದವರು ಗಕ್ಕನೆ ನಿಂತರು. ಡಾಕ್ಟರು ಎಲೆಕ್ಟ್ರೋಡ್ ಇಟ್ಟಿದ್ದರು. ತೆಗೆದ ಕೂಡಲೇ "ಇಪ್ಪತ್ತೊಂದು" ಎಂದರು. ಮುಖದಲ್ಲಿ ನೋವಿನ ಗೆರೆಯೇ ಇಲ್ಲ. ಆಮೇಲೆ ಕೇಳಿದೆ. "ಮಾತು ಬಾಯಲ್ಲೇ ಇತ್ತು ಸಿಸ್ಟರ್, ಹೊರಗೆ ಬರಲಿಲ್ಲ" ಅಂದರು.

ಮಿದುಳಿಗೆ ಕರೆಂಟು ತಾಗಿದರೆ ನೋವೇ ಆಗಬೇಕು ಅಂತಿಲ್ಲ. ಆ ಹುಡುಗಿಗೆ ಇದನ್ನು ಹೇಳಿ.

ಹೈಸ್ಕೂಲ್_ಮೇಡಂ
ಸಿಸ್ಟರ್, ಓದಿ ಮೈ ಜುಮ್ ಅಂದಿತು. ನಾಳೆಯೇ ಕ್ಲಾಸಲ್ಲಿ ಹೇಳುತ್ತೇನೆ.

ಹಳೇಸೇತುವೆ
ನೋವಿಲ್ಲ ಎಂದು ಇಷ್ಟು ಧೈರ್ಯವಾಗಿ ಹೇಳಬೇಡಿ. ಆ ಮೇಷ್ಟ್ರಿಗೆ ನೋವಾಗಲಿಲ್ಲ, ಸರಿ. ಆದರೆ "ಮಾತು ಬಾಯಲ್ಲೇ ಇತ್ತು" ಎಂದು ಅನುಭವ ಆಯಿತಲ್ಲ? ನೋವು ಬೇರೆ, ಅನುಭವ ಬೇರೆ. ಡಿಶ್‌ಬ್ರೈನ್ ಪ್ರಬಂಧದ ಶೀರ್ಷಿಕೆಯಲ್ಲಿ ಕೋಶಗಳು ಸಂವೇದನೆ ತೋರಿಸಿದವು ಎಂದು ಅವರೇ ಬರೆದುಕೊಂಡಿದ್ದಾರೆ.

ಪೆಟ್ರಿ_ತಟ್ಟೆ
ಬರೆದುಕೊಂಡರು, ಮತ್ತು ಅದಕ್ಕೆ ಸರಿಯಾಗಿ ಪೆಟ್ಟು ತಿಂದರು. ಮರುವರ್ಷ ಅದೇ ಪತ್ರಿಕೆಯಲ್ಲಿ ಹಲವು ನರವಿಜ್ಞಾನಿಗಳು ಸೇರಿ ಆಕ್ಷೇಪ ಬರೆದರು. ಈ ಪದಕ್ಕೆ ನಿಮ್ಮ ಪ್ರಯೋಗ ಆಧಾರವಲ್ಲ ಎಂಬುದು ಅವರ ವಾದ. ಪ್ರಬಂಧ ಬರೆದ ಬ್ರೆಟ್ ಕೇಗನ್ ತಂಡದವರು ಆ ಪದವನ್ನು "ಹೊರಗಿನ ಸಂಕೇತಕ್ಕೆ ಸ್ಪಂದಿಸುವುದು" ಎಂಬ ಸೀಮಿತ ಅರ್ಥದಲ್ಲಿ ಬಳಸಿದ್ದರು. ಓದುವವರು ಹಾಗೆ ಓದುವುದಿಲ್ಲವಲ್ಲ. ಶೀರ್ಷಿಕೆಯಲ್ಲಿ ಆ ಪದ ಹಾಕಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಮಲ್ನಾಡ್_ಕೋಡರ್
ನೋವಿನ ಚರ್ಚೆ ಇರಲಿ. ನನಗೆ ಇದರಲ್ಲಿ ಕಾಣುವುದು ಕರೆಂಟು ಉಳಿತಾಯ. ನಮ್ಮ ಮಿದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ. ಅಮೆರಿಕದ ಫ್ರಾಂಟಿಯರ್ ಸೂಪರ್ ಕಂಪ್ಯೂಟರಿಗೆ 20 ಮೆಗಾವ್ಯಾಟ್ ಆಸುಪಾಸು ಬೇಕು. ಹತ್ತು ಲಕ್ಷ ಪಟ್ಟು! ಎಐ ಡೇಟಾ ಸೆಂಟರ್‌ಗಳು ಊರಿಗೆ ಊರನ್ನೇ ನುಂಗುವಷ್ಟು ವಿದ್ಯುತ್, ನೀರು ಕೇಳುತ್ತಿರುವಾಗ ಈ ದಾರಿ ಹುಡುಕುವುದು ಬೇಡವಾ?

ಮೆಲ್ಬರ್ನ್_ಕನ್ನಡಿಗ
ಕೋಡರ್, ಲೆಕ್ಕದಲ್ಲಿ ಒಂದು ಜಾರುಹಾದಿ ಇದೆ. 20 ವ್ಯಾಟ್ ಎನ್ನುವುದು 86 ಶತಕೋಟಿ ನರಕೋಶ ಇರುವ ಪೂರ್ತಿ ಮಿದುಳಿಗೆ. ಡಿಶ್‌ಬ್ರೈನ್‌ನಲ್ಲಿ 8 ಲಕ್ಷ. ನಮ್ಮ ಮಿದುಳಿನ ಒಂದು ಲಕ್ಷದಲ್ಲಿ ಒಂದು ಪಾಲು.

ಅದೇ ಕಂಪನಿ 2025ರ ಮಾರ್ಚ್‌ನಲ್ಲಿ ಸಿಎಲ್1 ಎಂಬ ಯಂತ್ರ ಮಾರಾಟಕ್ಕೆ ತಂದಿತು. ಆಗ ಬೆಲೆ 35,000 ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಒಳಗೆ ಕೋಶಗಳಿಗೆ ಆಹಾರ, ಗಾಳಿ, ಬಿಸಿ ಎಲ್ಲ ಕೊಡುವ ವ್ಯವಸ್ಥೆ ಇದೆ. ಅಂಥ 30 ಯಂತ್ರಗಳ ಒಂದು ರ‍್ಯಾಕ್‌ಗೆ 850ರಿಂದ 1,000 ವ್ಯಾಟ್ ಬೇಕು ಎಂದು ಕಂಪನಿಯೇ ಹೇಳಿದೆ. ಕೋಶ ತಿನ್ನುವುದು ಚೂರೇ ಚೂರು. ಅದನ್ನು ಬದುಕಿಸಿಡಲು ಸುತ್ತ ಇರುವುದು ತಿನ್ನುವುದೇ ಜಾಸ್ತಿ.

ಮಲ್ನಾಡ್_ಕೋಡರ್
ಒಪ್ಪಿದೆ ಸರ್. ಆದರೂ ಮೊದಲ ಕಂಪ್ಯೂಟರ್‌ಗಳೂ ಒಂದು ಇಡೀ ಕೋಣೆ ತುಂಬಿರುತ್ತಿದ್ದವು ಅಲ್ವಾ?

ಪೆಟ್ರಿ_ತಟ್ಟೆ
ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಕಂಪ್ಯೂಟರ್ ಚಿಪ್ಪಿನ ಟ್ರಾನ್ಸಿಸ್ಟರ್‌ಗೆ ಹಸಿವಾಗುವುದಿಲ್ಲ. ಕೋಶಕ್ಕೆ ಆಗುತ್ತದೆ.

ನನ್ನ ವಾರ ಹೇಗಿರುತ್ತದೆ ಹೇಳುತ್ತೇನೆ. ಇನ್‌ಕ್ಯುಬೇಟರ್ 37 ಡಿಗ್ರಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್. ಎರಡು ಮೂರು ದಿನಕ್ಕೊಮ್ಮೆ ಮೀಡಿಯಾ ಬದಲಿಸಬೇಕು. ಮೀಡಿಯಾ ಅಂದರೆ ಸಕ್ಕರೆ, ಉಪ್ಪು, ಅಮೈನೋ ಆಮ್ಲ ಸೇರಿದ ದ್ರವ, ನೋಡಲು ರೋಸ್‌ಮಿಲ್ಕ್‌ಗಿಂತ ತೆಳು ಗುಲಾಬಿ. ಕೋಶಗಳು ತಿಂದು ಆಮ್ಲ ಬಿಟ್ಟರೆ ಕಿತ್ತಳೆ, ಆಮೇಲೆ ಹಳದಿ. ಬಾಗಿಲು ತೆಗೆದಾಗ ಹಳದಿ ಕಂಡರೆ ಎದೆ ಧಸಕ್ ಅನ್ನುತ್ತದೆ. ಒಂದೋ ಹೊಟ್ಟೆಗಿಲ್ಲದೆ ಸೊರಗಿವೆ, ಇಲ್ಲ ಬ್ಯಾಕ್ಟೀರಿಯಾ ಸೇರಿದೆ. ಯುಗಾದಿ, ದೀಪಾವಳಿ, ಭಾನುವಾರ ಅಂತಿಲ್ಲ. ಬಾಣಂತಿ ಮನೆ ನೋಡಿಕೊಂಡ ಹಾಗೆ.

ಎರಡು ವರ್ಷದ ಹಿಂದೆ ರಾತ್ರಿ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಜನರೇಟರ್ ಶುರುವಾಗಲಿಲ್ಲ. ಬೆಳಿಗ್ಗೆ ಹೋದಾಗ ಇನ್‌ಕ್ಯುಬೇಟರ್ ತಣ್ಣಗಿತ್ತು. 11 ವಾರ ಬೆಳೆಸಿದ ತಟ್ಟೆಗಳು. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹಿಂದಿನ ದಿನ ದಾರದ ಹಾಗೆ ಒಂದಕ್ಕೊಂದು ಕೈ ಚಾಚಿ ಹೆಣೆದುಕೊಂಡಿದ್ದವು. ಈಗ ದಾರ ಮಣಿಮಣಿಯಾಗಿ ತುಂಡಾಗಿತ್ತು. ನನ್ನ ಜೊತೆಯವಳು ಅತ್ತೇ ಬಿಟ್ಟಳು.

ಕೋಡರ್, ನಿಮ್ಮ ಪ್ರೋಗ್ರಾಮ್‌ಗೆ ಬ್ಯಾಕಪ್ ಇರುತ್ತದೆ. ನನ್ನ ತಟ್ಟೆಗೆ ಇಲ್ಲ. ಕಲಿತದ್ದನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕಾಪಿ ಮಾಡಲು ಆಗುವುದಿಲ್ಲ. ಸತ್ತರೆ ಅದರ ಜೊತೆಗೇ ಹೋಯಿತು.

ಅಕ್ಕಿರೊಟ್ಟಿ
11 ವಾರ! ಹೊಟ್ಟೆ ಉರಿಯುತ್ತದೆ ಓದಿದರೆ.

ತುಂಗಾತೀರ
ಇದರಲ್ಲಿ ಹೊಸದೇನಿದೆ ಎಂದು ಕೇಳುವವರಿಗೆ: ಈ ಯೋಚನೆ ಹಳೆಯದು. 2004ರಲ್ಲೇ ಫ್ಲಾರಿಡಾ ವಿಶ್ವವಿದ್ಯಾಲಯದ ಥಾಮಸ್ ಡಿಮಾರ್ಸ್ 25,000 ಇಲಿ ನರಕೋಶಗಳಿಂದ ಕಂಪ್ಯೂಟರಿನೊಳಗಿನ ಎಫ್-22 ವಿಮಾನ ಹಾರಿಸಿದ್ದರು. 2008ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇಲಿಯ ನರಕೋಶಗಳಿಂದ ಒಂದು ಪುಟ್ಟ ರೋಬೋ ಓಡಿಸಿದರು. ಈಗ ಬದಲಾದದ್ದು ಏನೆಂದರೆ, ಇಲಿಯ ಜಾಗಕ್ಕೆ ಮನುಷ್ಯರ ಕೋಶ ಬಂದಿರುವುದು. ಅದಕ್ಕೆ ಕಾರಣ ಜಪಾನಿನ ಶಿನ್ಯಾ ಯಮನಾಕ. ಬೆಳೆದ ದೇಹದ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಮಾಡುವುದನ್ನು 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಈಗ ಯಾರದೋ ಚೂರು ಚರ್ಮ ಅಥವಾ ರಕ್ತ ಸಿಕ್ಕರೆ ಸಾಕು, ಅದರಿಂದ ನರಕೋಶ ಮಾಡಬಹುದು.

ಕಾಫಿಪುಡಿ
ನಮ್ಮ ಐಐಎಸ್‌ಸಿಯಲ್ಲೂ 2024ರಲ್ಲಿ ಮಿದುಳಿನ ಥರ ಕೆಲಸ ಮಾಡುವ ಚಿಪ್ ಮಾಡಿದ್ದಾರಲ್ಲ? ನೇಚರ್‌ನಲ್ಲಿ ಬಂದಿತ್ತು. ಅದೂ ಇದೇನಾ?

ಮಲ್ನಾಡ್_ಕೋಡರ್
ಅಲ್ಲ. ಅದರಲ್ಲಿ ಜೀವ ಇಲ್ಲ. ಒಂದು ಅಣುಪದರದಲ್ಲಿ 16,500 ಬೇರೆ ಬೇರೆ ಸ್ಥಿತಿಗಳನ್ನು ಹಿಡಿದಿಟ್ಟುಕೊಳ್ಳುವ ಸಾಧನ ಅದು. ಮಿದುಳನ್ನು ನೋಡಿ ಕಲಿತದ್ದು, ಮಿದುಳಿನ ಕೋಶದಿಂದ ಮಾಡಿದ್ದಲ್ಲ. ನಿಜ ಹೇಳಬೇಕೆಂದರೆ ಪೆಟ್ರಿ ಅವರ ಯುಪಿಎಸ್ ಕಥೆ ಓದಿದ ಮೇಲೆ ನನಗೂ ಆ ದಾರಿಯೇ ಹೆಚ್ಚು ಬಾಳಿಕೆ ಬರುತ್ತದೆ ಅನ್ನಿಸುತ್ತಿದೆ.

ಪದಪ್ರೇಮಿ
ಒಂದು ಬೇರೆ ವಿಷಯ. ಆರ್ಗನಾಯ್ಡ್‌ಗೆ, ಅಂದರೆ ಸ್ಟೆಮ್ ಸೆಲ್‌ನಿಂದ ಗುಂಡಗೆ ಬೆಳೆಸಿದ ನರಕೋಶಗಳ ಗುಂಪಿಗೆ, ಕನ್ನಡದಲ್ಲಿ ಏನನ್ನಬೇಕು? ಪೇಪರಿನವರು "ಮಿನಿ ಮಿದುಳು" ಎನ್ನುತ್ತಾರೆ. "ಮಿದುಳ ಮೊಳಕೆ" ಹೇಗೆ?

ಪೆಟ್ರಿ_ತಟ್ಟೆ
ಎರಡೂ ಬೇಡ. ಮೊಳಕೆ ಒಡೆದದ್ದು ಮುಂದೆ ಗಿಡ ಆಗುತ್ತದೆ. ಆರ್ಗನಾಯ್ಡ್ ಎಷ್ಟು ದಿನ ಬಿಟ್ಟರೂ ಮಿದುಳಾಗುವುದಿಲ್ಲ. ರಕ್ತನಾಳ ಇಲ್ಲದ್ದರಿಂದ ಕೆಲವು ಮಿಲಿಮೀಟರ್ ದಾಟಿದರೆ ನಡುವಿನ ಕೋಶಗಳಿಗೆ ಆಮ್ಲಜನಕ ಸಿಗದೆ ಸಾಯುತ್ತವೆ. "ಮಿನಿ ಮಿದುಳು" ಎಂದರೆ ಒಳಗೊಂದು ಪುಟ್ಟ ಮನುಷ್ಯ ಇದ್ದಾನೆ ಎಂಬ ಭಾವನೆ ಬರುತ್ತದೆ.

ಪದಪ್ರೇಮಿ
ಹಾಗಾದರೆ "ನರಕೋಶದ ಉಂಡೆ". ಇದ್ದದ್ದು ಇದ್ದ ಹಾಗೆ.

ಪೆಟ್ರಿ_ತಟ್ಟೆ
ಇದು ಒಪ್ಪಿಗೆ. ನಾಳೆಯಿಂದ ಲ್ಯಾಬ್‌ನಲ್ಲಿ ಹಾಗೇ ಅನ್ನುತ್ತೇನೆ.

ಹಳೇಸೇತುವೆ
ಉಂಡೆ ಅನ್ನಿ, ಮೊಳಕೆ ಅನ್ನಿ. ಸ್ವಿಟ್ಜರ್ಲೆಂಡಿನ ವೆವೆ ಊರಿನಲ್ಲಿ ಫೈನಲ್‌ಸ್ಪಾರ್ಕ್ ಎಂಬ ಕಂಪನಿ ಅವನ್ನು ಬಾಡಿಗೆಗೆ ಕೊಡುತ್ತಿದೆ. 16 ಉಂಡೆ, ಒಂದೊಂದಕ್ಕೆ 8 ಎಲೆಕ್ಟ್ರೋಡ್, ಒಂದೊಂದರಲ್ಲಿ ಸುಮಾರು 10,000 ನರಕೋಶ. ನೀವು ಮನೆಯಲ್ಲಿ ಕೂತು ಇಂಟರ್‌ನೆಟ್ ಮೂಲಕ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಅವುಗಳಿಗೆ ಮಿಡಿತ ಕಳಿಸಬಹುದು. ಬಹುಮಾನವಾಗಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಬಿಡುವ ವ್ಯವಸ್ಥೆಯೂ ಇದೆ. ಒಂದು ಉಂಡೆಯ ಆಯಸ್ಸು ಸುಮಾರು 100 ದಿನ. ಸಾಯುವ ಮುಂಚೆ ಕೆಲವೊಮ್ಮೆ ಅವುಗಳ ಚಟುವಟಿಕೆ ಇದ್ದಕ್ಕಿದ್ದ ಹಾಗೆ ಜೋರಾಗುತ್ತದೆ ಎಂದು ಅವರೇ ಹೇಳಿದ್ದಾರೆ.

ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಬರೀ ರಸಾಯನಶಾಸ್ತ್ರ ಇರಬಹುದು. ಆದರೆ ಬಾಡಿಗೆಗೆ ಕೊಡುವ ಮುಂಚೆ ಅದನ್ನು ತಿಳಿದುಕೊಳ್ಳುವ ಜವಾಬ್ದಾರಿ ಇಲ್ಲವಾ?

ಪೆಟ್ರಿ_ತಟ್ಟೆ
ಸಾಯುವ ನರಕೋಶದ ಗೋಡೆ ಸೋರಿ, ಉಪ್ಪಿನಂಶ ಏರುಪೇರಾಗಿ, ಒಟ್ಟಿಗೆ ಮಿಡಿಯುವುದು ಇದೆ. ಅದಕ್ಕೆ ಅರಿವು ಬೇಕಿಲ್ಲ. ನಿಮ್ಮ ಆತಂಕ ತಪ್ಪು ಎಂದು ಹೇಳುತ್ತಿಲ್ಲ. 10,000 ಕೋಶದ ಉಂಡೆಯ ಬಗ್ಗೆ ನನಗೆ ಹೆದರಿಕೆ ಇಲ್ಲ. ಆದರೆ ಇದು ಎಲ್ಲಿಗೆ ಮುಟ್ಟಿದಾಗ ನಿಲ್ಲಿಸಬೇಕು ಎಂದು ಈಗಲೇ ಮಾತಾಡಬೇಕು. ಅದರಲ್ಲಿ ನಾನು ನಿಮ್ಮ ಜೊತೆ.

ಜೇನುಗೂಡು
ನಾನು ಜೇನು ಸಾಕುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಜೇನುನೊಣದ ಮಿದುಳಿನಲ್ಲಿ ಹತ್ತಿರ ಹತ್ತಿರ 10 ಲಕ್ಷ ನರಕೋಶ. ಆ ತಟ್ಟೆಗೂ ಇದಕ್ಕೂ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ನನ್ನ ನೊಣ ಎರಡು ಮೂರು ಕಿಲೋಮೀಟರ್ ಹೋಗಿ ಬಂದು, ಎಲ್ಲಿ ಹೂವಿದೆ ಎಂದು ಕುಣಿದು ತೋರಿಸುತ್ತದೆ. ತಟ್ಟೆ ಚೆಂಡನ್ನು ಕೆಲವು ಸಲ ಹೊಡೆಯುತ್ತದೆ, ಅಷ್ಟೆ. ಎಷ್ಟು ಕೋಶ ಇವೆ ಎನ್ನುವುದಕ್ಕಿಂತ ಹೇಗೆ ಹೆಣೆದುಕೊಂಡಿವೆ ಎನ್ನುವುದೇ ಮುಖ್ಯ.

ಮಲ್ನಾಡ್_ಕೋಡರ್
ಬಹಳ ಸರಿಯಾದ ಮಾತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಇಂಥ ಉಂಡೆಯಿಂದ ಮಾಡಿದ ಬ್ರೈನೋವೇರ್ ಪ್ರಯೋಗವನ್ನೂ (2023) ನೋಡಿ. 8 ಜನರ ಧ್ವನಿಯಲ್ಲಿ ಜಪಾನೀ ಸ್ವರಗಳ 240 ತುಣುಕುಗಳನ್ನು ವಿದ್ಯುತ್ ಮಿಡಿತವಾಗಿ ಕೊಟ್ಟು, ಯಾರ ದನಿ ಎಂದು ಗುರುತಿಸುವ ಕೆಲಸ. ತರಬೇತಿ ಆದಮೇಲೆ 78 ಶೇಕಡಾ ಸರಿ. ಆದರೆ ಅಲ್ಲಿ ಉಂಡೆ ಮಾಡಿದ್ದು ಅರ್ಧ ಕೆಲಸ. ಅದರ ಮಿಡಿತ ಓದಿ ಉತ್ತರ ಹೇಳಿದ್ದು ಹೊರಗಿನ ಮಾಮೂಲಿ ಕಂಪ್ಯೂಟರ್. ಸುದ್ದಿಯಲ್ಲಿ ಆ ಭಾಗ ಬಿಟ್ಟುಹೋಗುತ್ತದೆ.

ಮೆಲ್ಬರ್ನ್_ಕನ್ನಡಿಗ
ಇಲ್ಲಿನ ಇನ್ನೊಂದು ವಿಷಯ. 2023ರಲ್ಲಿ ಮೊನಾಶ್ ವಿಶ್ವವಿದ್ಯಾಲಯದವರು ಕಾರ್ಟಿಕಲ್ ಲ್ಯಾಬ್ಸ್ ಜೊತೆ ಮಾಡುವ ಕೆಲಸಕ್ಕೆ 6 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅನುದಾನ ಬಂತು. ಕೊಟ್ಟದ್ದು ದೇಶದ ಭದ್ರತೆಗೆ ಸಂಬಂಧಪಟ್ಟ ನಿಧಿಯಿಂದ. ತಾನಾಗಿ ಓಡುವ ವಾಹನ, ಡ್ರೋನ್ ಬಗ್ಗೆ ಆಗ ಮಾತು ಬಂದಿತ್ತು. ಔಷಧಿ ಪರೀಕ್ಷೆಗೆ ಎಂದರೆ ನನಗೆ ಸಂತೋಷ. ಡ್ರೋನ್‌ಗೆ ಎಂದರೆ ಮನಸ್ಸು ಒಪ್ಪುವುದಿಲ್ಲ.

ಬೆಳದಿಂಗಳು
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು.

ನಮ್ಮ ಅಣ್ಣನಿಗೆ ಇಪ್ಪತ್ತೊಂದನೇ ವಯಸ್ಸಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಎಂದು ಗೊತ್ತಾಯಿತು. ಚಿಕ್ಕಪ್ಪನಿಗೂ ಇತ್ತು. ಕೆಲವು ವರ್ಷದ ಹಿಂದೆ ಒಂದು ಸಂಶೋಧನೆಗೆ ಎಂದು ಅಣ್ಣ, ನಾನು, ಅಮ್ಮ ರಕ್ತ ಕೊಟ್ಟೆವು. ಅದರಿಂದ ಸ್ಟೆಮ್ ಸೆಲ್ ಮಾಡಿ, ಅದರಿಂದ ನರಕೋಶ ಬೆಳೆಸಿ, ಕಾಯಿಲೆ ಇರುವವರದ್ದೂ ಇಲ್ಲದವರದ್ದೂ ಹೋಲಿಸಿ ನೋಡುತ್ತಾರೆ ಎಂದು ಅಲ್ಲಿನ ಹುಡುಗಿ ಅಮ್ಮನಿಗೆ ಕನ್ನಡದಲ್ಲಿ ತಾಳ್ಮೆಯಿಂದ ವಿವರಿಸಿದಳು. ಅಮ್ಮ ಕೇಳಿದ್ದು ಒಂದೇ: "ನನ್ನ ಮಗನ ಮಿದುಳು ಇಲ್ಲೊಂದು ಬೆಳೆಯುತ್ತೇನಮ್ಮ?" ಅವಳು "ಇಲ್ಲ ಅಮ್ಮ, ಒಂದಷ್ಟು ಕೋಶ ಮಾತ್ರ. ಅವಕ್ಕೆ ನಿಮ್ಮ ಮಗನ ನೆನಪು ಏನೂ ಇರಲ್ಲ" ಎಂದಳು. ಅಮ್ಮ ಸಹಿ ಹಾಕಿದರು.

ಆ ಕೋಶಗಳಿಂದ ನಾಳೆ ಅಣ್ಣನಂಥವರಿಗೆ ಒಂದು ಒಳ್ಳೆ ಮಾತ್ರೆ ಸಿಕ್ಕರೆ ಸಾಕು ಎಂದು ಕೊಟ್ಟದ್ದು. ಯಾರೋ ಅದನ್ನು ಕಂಪ್ಯೂಟರ್ ಮಾಡಿ ಬಾಡಿಗೆಗೆ ಕೊಡಬಹುದು ಎಂದು ನಮ್ಮ ಮನಸ್ಸಿಗೂ ಬಂದಿರಲಿಲ್ಲ. ಹಾಗೆ ಮಾಡಬಹುದಾ?

ತುಂಗಾತೀರ
ಅಕ್ಕ, ನೀವು ಮಾಡಿದ್ದು ದೊಡ್ಡ ಕೆಲಸ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗಳು ಸೇರಿ ಇಂಥ ಕುಟುಂಬಗಳ ಜೊತೆ ಕೆಲಸ ಮಾಡುತ್ತಿರುವುದು ಇದೇ ಕಾರಣಕ್ಕೆ. 2016ರಲ್ಲಿ ಝೀಕಾ ವೈರಸ್ ಹರಡಿದಾಗ ಹುಟ್ಟುವ ಮಕ್ಕಳ ತಲೆ ಯಾಕೆ ಚಿಕ್ಕದಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳಲೂ ಈ ಉಂಡೆಗಳೇ ನೆರವಾದವು.

ವಕೀಲರ_ಕೋಣೆ
ಬೆಳದಿಂಗಳು ಅವರ ಪ್ರಶ್ನೆಯೇ ಈ ಚರ್ಚೆಯ ಗಟ್ಟಿ ಭಾಗ. ನೋವಾಗುತ್ತಾ ಎಂದು ಕೇಳುತ್ತಾ ಕೂತರೆ ಹತ್ತು ವರ್ಷ ಹೋಗುತ್ತದೆ. ಕೋಶ ಯಾರದ್ದು ಎಂಬುದಕ್ಕೆ ಇವತ್ತೇ ಉತ್ತರ ಬೇಕು.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸ್ಟೆಮ್ ಸೆಲ್ ಸಂಶೋಧನಾ ಮಾರ್ಗಸೂಚಿ ಇದೆ, 2017ರದ್ದು. ಕೊಟ್ಟವರ ತಿಳಿವಳಿಕೆಯ ಒಪ್ಪಿಗೆ ಬೇಕು, ಸಂಸ್ಥೆಯೊಳಗಿನ ಸಮಿತಿ ನೋಡಬೇಕು ಎನ್ನುತ್ತದೆ. ಆದರೆ ಡಿಶ್‌ಬ್ರೈನ್ ಬಂದದ್ದು ಅದಾಗಿ ಐದು ವರ್ಷಕ್ಕೆ.

ಹೆನ್ರಿಯೆಟ್ಟಾ ಲ್ಯಾಕ್ಸ್ ಹೆಸರು ಕೇಳಿದ್ದೀರಾ? 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಕೆಯ ಗಡ್ಡೆಯಿಂದ ಕೋಶ ತೆಗೆದರು. ಕೇಳಿ ತೆಗೆದದ್ದಲ್ಲ. ಆ ಕೋಶಗಳು ಇವತ್ತಿಗೂ ಪ್ರಪಂಚದ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಅದರಿಂದ ಲಾಭ ಮಾಡಿದ ಒಂದು ಕಂಪನಿಯ ಜೊತೆ ಕುಟುಂಬದ ರಾಜಿ ಆದದ್ದು 2023ರಲ್ಲಿ. 72 ವರ್ಷ! ಅದೇ ವರ್ಷ, ಅದೇ ಜಾನ್ಸ್ ಹಾಪ್ಕಿನ್ಸ್‌ನ ಥಾಮಸ್ ಹಾರ್ಟುಂಗ್ ಮತ್ತು ಲೀನಾ ಸ್ಮಿರ್ನೋವಾ ತಂಡ ಇಂಥ ಉಂಡೆಗಳಿಂದ ಗಣನೆ ಮಾಡುವ ಯೋಜನೆ ಮುಂದಿಟ್ಟಿತು. ನೀತಿಯ ಪ್ರಶ್ನೆಗಳನ್ನು ಶುರುವಿನಿಂದಲೇ ಜೊತೆಗಿಟ್ಟುಕೊಳ್ಳುತ್ತೇವೆ ಎಂದು ಅವರು ಬರೆದಿದ್ದಾರೆ. ಒಳ್ಳೆಯದು. ಆದರೆ ಬರೆದದ್ದು ಒಪ್ಪಿಗೆ ಪತ್ರಕ್ಕೆ ಇಳಿಯಬೇಕು. ಅಮ್ಮನಂಥವರು ಓದುವ ಭಾಷೆಯಲ್ಲಿ, ಇದನ್ನು ಗಣಕವಾಗಿ ಬಳಸಬಹುದೇ ಬೇಡವೇ ಎಂದು ಬೇರೆ ಸಾಲು, ಬೇರೆ ಸಹಿ.

ಹಳೇಸೇತುವೆ
ಬೇರೆ ಸಾಲು, ಬೇರೆ ಸಹಿ. ಇದಕ್ಕೆ ನನ್ನ ಎರಡು ಕೈ.

ಪೆಟ್ರಿ_ತಟ್ಟೆ
ನಾನು ಇದನ್ನು ನಮ್ಮ ಮುಂದಿನ ಮೀಟಿಂಗ್‌ನಲ್ಲಿ ಎತ್ತುತ್ತೇನೆ. ಆರು ವರ್ಷದಲ್ಲಿ ತಟ್ಟೆಯ ಮೇಲೆ ಬರೀ ನಂಬರ್ ನೋಡಿದ್ದೇನೆ. ಹಿಂದೆ ಒಬ್ಬರು ಅಮ್ಮ ಇರುತ್ತಾರೆ ಎಂದು ಇಷ್ಟು ಹತ್ತಿರದಿಂದ ಯೋಚಿಸಿರಲಿಲ್ಲ.

ಹೈಸ್ಕೂಲ್_ಮೇಡಂ
ಇವತ್ತು ಕ್ಲಾಸಲ್ಲಿ ಸಿಸ್ಟರ್ ಹೇಳಿದ ಮಗ್ಗಿ ಕಥೆ ಹೇಳಿದೆ. ಪಿನ್ ಡ್ರಾಪ್ ಸೈಲೆನ್ಸ್. ಶಾಕ್ ಎಂದದ್ದು ತಪ್ಪು ಎಂದೂ ಹೇಳಿ, ಬೋರ್ಡಿನ ಮೇಲೆ ಚಿತ್ರ ಬರೆದು ತಿದ್ದಿದೆ. ಆ ಹುಡುಗಿ ಕೊನೆಗೆ ಕೇಳಿದ್ದು: "ಹಾಗಾದ್ರೆ ಆ ಕೋಶ ಯಾರದು ಮಿಸ್?" ಇಲ್ಲಿ ನಡೆದ ಮಾತು ಅವಳಿಗೆ ಗೊತ್ತಿಲ್ಲ.

ಬೆಳದಿಂಗಳು
ಬೀರುವಿನಿಂದ ಒಪ್ಪಿಗೆ ಪತ್ರದ ಪ್ರತಿ ಹುಡುಕಿ ತೆಗೆದೆ. ನಾಲ್ಕು ಪುಟ, ಕನ್ನಡದಲ್ಲೇ ಇದೆ. ಮೂರನೇ ಪುಟದಲ್ಲಿ "ಮಾನಸಿಕ ಕಾಯಿಲೆಗಳ ಕುರಿತ ಸಂಶೋಧನೆಗೆ ಮಾತ್ರ" ಎಂದಿದೆ. ಅದರ ಕೆಳಗೆ, ಬೇರೆ ಉದ್ದೇಶಕ್ಕೆ ಬೇಕಾದರೆ ಮತ್ತೆ ಸಂಪರ್ಕಿಸುತ್ತೇವೆ ಎಂದು ಇನ್ನೊಂದು ಸಾಲು. ಅಮ್ಮನಿಗೆ ಓದಿ ಹೇಳಿದೆ. "ಫೋನ್ ನಂಬರ್ ಹಳೇದು ಕೊಟ್ಟಿದೀವಲ್ಲ, ಹೊಸದು ಕೊಟ್ಟು ಬಾ" ಅಂದರು. ಸೋಮವಾರ ಹೋಗುತ್ತಿದ್ದೇನೆ.